ಅಣ್ಣನ ಕಿಡ್ನಿ ಕಲ್ಲು

ಇಲ್ಲಿ ಏನೂ ಬರೆಯದೆ ಬಹಳ ದಿನ ಆಗಿತ್ತು. ಕೆಲಸ ಜಾಸ್ತಿ ಅನ್ನೋದು ನೆಪ, ಸೋಮಾರಿತನ ಅನ್ನೋದು ನಿಜ :) ಇವತ್ತು ಬರೆಯಲೇಬೇಕು ಅನ್ನಿಸಿದ್ದು ನಮ್ಮ ಅಣ್ಣನ ಸಲುವಾಗಿ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಕಂಪನಿ ಮಾತ್ರ ಬೇಡ ಅಂದಿದ್ದಾನೆ. ಯಾಕೆ ಅನ್ನೋದು ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತೆ.

2025ರ ಡಿಸೆಂಬರ್‌ನಲ್ಲಿ ಎಳ್ಳಮಾವಾಸ್ಯೆಗೆ ಅಣ್ಣಿಗೇರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ ಅಣ್ಣನೂ ಬಂದಿದ್ದ. ಅವನು ಕೊಲ್ಲಿ ದೇಶದ ಒಂದು ಕಂಪನಿಯಲ್ಲಿ ಪೈಲಟ್. ಹೊಲದಲ್ಲಿ ಚರಗ ಚೆಲ್ಲಿ, ಕಡಲೆ ಬೆಳೆಯ ಪಕ್ಕ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಹೊಡೆಯುತ್ತಿದ್ದೆವು. ಮಾತೆಲ್ಲ ವಿಮಾನದ್ದೇ. ಆ ತಿಂಗಳ ಮೊದಲ ವಾರದಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾಗಿದ್ದವಲ್ಲ, ಹುಬ್ಬಳ್ಳಿಯಲ್ಲಿ ಮದುಮಕ್ಕಳು ಬರಲಾಗದೆ ವಿಡಿಯೋದಲ್ಲೇ ಆರತಕ್ಷತೆ ಮುಗಿಸಿದ್ದು ಊರಿಗೆಲ್ಲ ಸುದ್ದಿಯಾಗಿತ್ತು.

"ಪೈಲಟ್‌ಗೋಳಿಗೆ ನಿದ್ದಿ ಕಡಿಮಿ ಬಿದ್ದೈತಂತ, ಅದಕ್ಕ ವಿಮಾನ ಬಂದ್ ಅಂತ" ಅಂದು ಕಾಕಾ ನಕ್ಕ. ಎಲ್ಲರೂ ನಕ್ಕೆವು. ಅಣ್ಣ ನಗಲಿಲ್ಲ. ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ಹೊಸ ನಿಯಮ ಅದು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳು ಸಿಗದೇ ಆದ ಫಜೀತಿ. ನಮಗೆ ಅದು ತಮಾಷೆ.

ಅವತ್ತು ರಾತ್ರಿ ಎರಡು ಗಂಟೆಗೆ ಅಣ್ಣ ಬಚ್ಚಲಿನ ಬಾಗಿಲಲ್ಲಿ ಹೊಟ್ಟೆ ಹಿಡಿದು ಕೂತಿದ್ದ. ಮೈಯೆಲ್ಲ ಬೆವರು. ನಾನು ಕಾರು ತೆಗೆದೆ. ಹುಬ್ಬಳ್ಳಿ ದಾರಿಯಲ್ಲಿ ಅವನು ಹೇಳಿದ್ದು ಒಂದೇ ಮಾತು. "ಇನ್ಶೂರೆನ್ಸ್ ಕಾರ್ಡ್ ತೆಗೀಬ್ಯಾಡ. ರೊಕ್ಕಾನ ಕೊಡೂಣು."

ಸ್ಕ್ಯಾನ್ ಮಾಡಿದರು. ಎರಡು ಕಲ್ಲು. ಒಂದು ಮೂತ್ರನಾಳದಲ್ಲಿ ಇಳಿಯುತ್ತಿತ್ತು, ಇನ್ನೊಂದು ಇನ್ನೂ ಕಿಡ್ನಿಯಲ್ಲೇ ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು. ಬೆಳಗಿನ ಜಾವ ದವಾಖಾನೆ ಹೊರಗೆ ಚಹಾ ಕುಡೀತಾ ಕೇಳಿದೆ, ಕಾರ್ಡ್ ಇಟ್ಟುಕೊಂಡು ಯಾಕೆ ರೊಕ್ಕ ಕೊಟ್ಟಿ ಅಂತ.

"ಈ ಕಲ್ಲಿಂದ ಜೀವಾ ಹೋಗಂಗಿಲ್ಲೋ ತಮ್ಮಾ. ಲೈಸೆನ್ಸ್ ಹೋಗತೈತಿ."

ನನಗೆ ಕಿಡ್ನಿ ಕಲ್ಲಾದರೆ ಮ್ಯಾನೇಜರ್‌ಗೆ ಒಂದು ಮೇಲ್ ಹಾಕಿ ಮನೆಯಿಂದ ಕೆಲಸ ಮಾಡ್ತೀನಿ. ಪೈಲಟ್‌ಗೆ ಹಾಗಲ್ಲ. ಹಾರುವಾಗ ಅದೇ ನೋವು ಬಂದರೆ ಏನು ಗತಿ? ಅದಕ್ಕೇ ಕಲ್ಲು ಇದೆ ಅಂತ ಗೊತ್ತಾದ ಕ್ಷಣದಿಂದ ಹಾರುವಂತಿಲ್ಲ. ತೆಗೆಸಿ, ತಪಾಸಣೆ ಆಗಿ, ವೈದ್ಯರು ಸರಿ ಅನ್ನುವವರೆಗೂ ಮನೆಯಲ್ಲೇ. ಆ ಕೆಲಸವೇ ಕಲ್ಲಿಗೆ ಅನುಕೂಲ ಮಾಡಿಕೊಡುತ್ತೆ ಅನ್ನೋದು ಬೇರೆ ಮಾತು. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಹೊರಗೆ ಮರುಭೂಮಿಯ ಬಿಸಿಲು. ಮೇಲಿಂದ ಮೇಲೆ ಎದ್ದು ಹೋಗಬಾರದು ಅಂತ ನೀರು ಕಡಿಮೆ ಕುಡಿಯೋ ಅಭ್ಯಾಸ ಬೇರೆ. ಇನ್ನು ರಾತ್ರಿ ಪಾಳಿ. ಅದು ಕ್ಯಾನ್ಸರ್‌ಗೆ ಕಾರಣವಾಗುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ವರ್ಗೀಕರಿಸಿದೆ. ಎತ್ತರದಲ್ಲಿ ಬಾಹ್ಯಾಕಾಶದ ವಿಕಿರಣವೂ ಹೆಚ್ಚು.

ನಾನು ಅವನಿಗೆ ಕೇಳಿದೆ, "ಇನ್ಶೂರೆನ್ಸ್ ಐತಲ್ಲ, ಹೆದರಿಕಿ ಯಾಕ?" ಅವನು ಬೆರಳು ಮಡಚುತ್ತಾ ಲೆಕ್ಕ ಹೇಳಿದ.

ಕಂಪನಿಯ ಆರೋಗ್ಯ ವಿಮೆ ಇದೆ. ದುಬೈನಲ್ಲಂತೂ 2013ರ ಕಾನೂನಿನ ಪ್ರಕಾರ ಕೆಲಸ ಕೊಟ್ಟವರೇ ವಿಮೆ ಮಾಡಿಸಬೇಕು. ಆದರೆ ಅದು ಕೆಲಸಕ್ಕೆ ಅಂಟಿಕೊಂಡಿದ್ದು. ಕೆಲಸ ಹೋದರೆ ವೀಸಾ ಹೋಯ್ತು, ವೀಸಾ ಜೊತೆ ವಿಮೆಯೂ ಹೋಯ್ತು. ಪೈಲಟ್‌ಗಳಿಗೇ ಅಂತ 'ಲಾಸ್ ಆಫ್ ಲೈಸೆನ್ಸ್' ಅನ್ನೋ ವಿಮೆಯೂ ಇದೆ. ಅವನ ಪಾಲಿಸಿಯಲ್ಲಿ ಶಾಶ್ವತವಾಗಿ ಹಾರಲು ಅನರ್ಹ ಆದರೆ ಮಾತ್ರ ದುಡ್ಡು. ಮೂರು ತಿಂಗಳು ಕೂತರೆ ಏನೂ ಇಲ್ಲ, ಬರೀ ಮೂಲ ವೇತನ. ಹಾರಿದ ಗಂಟೆಗಳ ಭತ್ಯೆ ನಿಂತುಹೋಗುತ್ತೆ. ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇರೋದು ಇಸಿಆರ್ ಪಾಸ್‌ಪೋರ್ಟಿನ ಕಾರ್ಮಿಕರಿಗೆ, ಇವನಿಗಲ್ಲ. ಊರಲ್ಲಿ ಹೊಸ ಪಾಲಿಸಿ ತಗೊಂಡರೆ ಈಗಾಗಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು (2024ಕ್ಕೆ ಮುಂಚೆ ನಾಲ್ಕು ವರ್ಷ ಇತ್ತು). ಇದರ ಮೇಲೆ ತರಬೇತಿಗೆ ದೊಡ್ಡಪ್ಪ ಹೊಲ ಅಡ ಇಟ್ಟು ತೆಗೆದ ಸಾಲ ಇನ್ನೂ ತೀರಿಲ್ಲ.

ನಮ್ಮ ಭಾಷೆಯಲ್ಲಿ ಇದಕ್ಕೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಸಂಬಳ, ವೀಸಾ, ವಿಮೆ, ಸಾಲದ ಕಂತು ಎಲ್ಲಾ ಒಂದೇ ಮೆಡಿಕಲ್ ಸರ್ಟಿಫಿಕೇಟಿನ ಮೇಲೆ. ಇಂಥ ಸರ್ವರ್ ಇಟ್ಟರೆ ನಮ್ಮನ್ನು ಕೆಲಸದಿಂದ ತೆಗೀತಾರೆ!

ಹಾಗಂತ ಮುಚ್ಚಿಡೋದಾ? ನನಗೆ ನೆನಪಾಗಿದ್ದು ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು 8 ಜನ. ಕ್ಯಾಪ್ಟನ್ ನಮ್ಮಣ್ಣನ ಹಾಗೇ ಪರದೇಶದಲ್ಲಿ ದುಡಿಯುತ್ತಿದ್ದವರು, ಸರ್ಬಿಯಾದವರು. ಕಾಕ್‌ಪಿಟ್ ಧ್ವನಿಮುದ್ರಿಕೆಯ ಮೊದಲ ಒಂದೂ ಮುಕ್ಕಾಲು ಗಂಟೆಯ ಹತ್ತಿರ ಅವರು ನಿದ್ದೆಯಲ್ಲಿದ್ದರು, ಗೊರಕೆಯ ಸದ್ದೂ ದಾಖಲಾಗಿದೆ. ಸಹ ಪೈಲಟ್ ಇಳಿಸಬೇಡಿ, ಮತ್ತೆ ಮೇಲೇರಿ ಅಂತ ಮೂರು ಸಲ ಹೇಳಿದರೂ ಅವರು ಇಳಿಸಲು ಹೋದರು. ತಪ್ಪಿದ ಇಳಿಕೆಯನ್ನು ಕೈಬಿಡದೇ ಹೋದದ್ದೇ ನೇರ ಕಾರಣ, ದೀರ್ಘ ನಿದ್ದೆಯಿಂದ ಎದ್ದ ಮಂಪರು ಅದಕ್ಕೆ ಸೇರಿಕೊಂಡಿರಬಹುದು ಅಂತ ತನಿಖೆ ಹೇಳಿತು. ಪೈಲಟ್‌ನ ಮೈ ಅವನೊಬ್ಬನದೇ ಅಲ್ಲ.

ಇನ್ನೊಂದು, 2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಸಹ ಪೈಲಟ್ ಬೇಕೆಂದೇ ಅಪ್ಪಳಿಸಿದ ಜರ್ಮನ್‌ವಿಂಗ್ಸ್ ವಿಮಾನ. 150 ಸಾವು. ಅವನು ತನ್ನ ಮಾನಸಿಕ ಕಾಯಿಲೆಯನ್ನು ಕಂಪನಿಗೆ ಹೇಳಿರಲಿಲ್ಲ. 2016ರ ಫ್ರೆಂಚ್ ತನಿಖಾ ವರದಿ, ಹೇಳದೇ ಇದ್ದುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನಾನು ನಿರೀಕ್ಷಿಸಿಯೇ ಇರಲಿಲ್ಲ. ಹಾರಲು ಅನರ್ಹನಾದರೆ ಹೋಗುವ ಆದಾಯಕ್ಕೆ ಅವನಿಗೆ ಸರಿಯಾದ ವಿಮೆ ಇರಲಿಲ್ಲ, ಅದರ ಹಣಕಾಸಿನ ಭಯ. ಅವನಿಗೂ ತರಬೇತಿಯ ಸಾಲ ಇತ್ತು. ಆ ಮನುಷ್ಯನಿಗೂ ನಮ್ಮಣ್ಣನಿಗೂ ಯಾವ ಹೋಲಿಕೆಯೂ ಇಲ್ಲ, ದಯವಿಟ್ಟು ಹಾಗೆ ಓದಬೇಡಿ. ಆದರೆ ಬಾಯಿ ಕಟ್ಟುವ ಭಯ ಮಾತ್ರ ಅದೇ. ಪೈಲಟ್‌ನ ವಿಮೆ ಪೈಲಟ್‌ಗೆ ಕೊಡುವ ಸೌಲಭ್ಯ ಅಂತ ನಾನು ತಿಳಿದಿದ್ದೆ. ಅಲ್ಲ, ಅದು ಹಿಂದೆ ಸೀಟಿನಲ್ಲಿ ಕೂತ ನಮ್ಮ ವಿಮೆ. ನಿಜ ಹೇಳಿದವನು ಬೀದಿಗೆ ಬರುತ್ತಾನೆ ಅಂತಿದ್ದರೆ ನಿಜ ಯಾರು ಹೇಳ್ತಾರೆ?

ನಾನು ಅವನಿಗೆ ಇಷ್ಟೆಲ್ಲ ಹೇಳಲಿಲ್ಲ. "ಇವತ್ತು ಮುಚ್ಚಿಟ್ಟಿ ಅಂದ್ರ ನಾಳೆ ಯಾವ ಕ್ಲೇಮೂ ಸಿಗಂಗಿಲ್ಲ" ಅಂತ ಮಾತ್ರ ಅಂದೆ. ಅವನು ಸುಮ್ಮನಿದ್ದ. ಮನೆಗೆ ಬಂದಾಗ ದೊಡ್ಡಪ್ಪ ಕಟ್ಟೆ ಮೇಲೆ ಕೂತಿದ್ದರು. ಎಲ್ಲಾ ಕೇಳಿಸಿಕೊಂಡರು. ಆಮೇಲೆ ಅಂದರು, "ಹೊಲದ ಚಿಂತಿ ನನಗ ಬಿಡು. ನಿನ್ನ ಹಿಂದ ಎಷ್ಟ್ ಮಂದಿ ಕುಂತಿರ್ತಾರ?"

"ನೂರಾ ಎಂಬತ್ತು" ಅಂದ ಅಣ್ಣ.

"ಮತ್ತ?"

ಮಧ್ಯಾಹ್ನ ಅಣ್ಣ ಕಂಪನಿಯ ಡಾಕ್ಟರಿಗೆ ಫೋನ್ ಮಾಡಿದ.

ಒಂದು ಕಲ್ಲು ತಾನೇ ಬಿತ್ತು. ಇನ್ನೊಂದನ್ನು ಲೇಸರ್‌ನಿಂದ ತೆಗೆದರು. ಅವತ್ತಿನ ರಾತ್ರಿಯ ಖರ್ಚು ತುರ್ತು ಅಂತ ವಿಮೆಯವರು ವಾಪಸ್ ಕೊಟ್ಟರು. ಆಪರೇಷನ್ ತುರ್ತಲ್ಲ, ಅದೂ ಬೇರೆ ದೇಶದಲ್ಲಿ ಅಂತ ಅದಕ್ಕೆ ಕೊಡಲಿಲ್ಲ. ಹತ್ತು ವಾರ ಹಾರಲಿಲ್ಲ. ಒಂದು ಕಂತು ದೊಡ್ಡಪ್ಪ ಕಡಲೆ ಮಾರಿ ಕಟ್ಟಿದರು. ಕೆಲಸ ಹೋಗಲಿಲ್ಲ. ಈಗ ಮತ್ತೆ ಹಾರುತ್ತಿದ್ದಾನೆ, ನೀರಿನ ಬಾಟಲಿ ಜೊತೆ :)

ಹೋಗಿದ್ದರೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮನೆಯಿಂದ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ ಒಂದು ಮಾತು ಹೇಳಿ. ಪೈಲಟ್ಟೇ ಆಗಬೇಕಿಲ್ಲ, ನಮ್ಮಂಥ ಕೋಡ್ ಬರೆಯುವವರಿಗೂ ಇದು ಅನ್ವಯ. ಮೈ ಚೆನ್ನಾಗಿರುವಾಗಲೇ ಊರಲ್ಲಿ ಸ್ವಂತದ್ದೊಂದು ಆರೋಗ್ಯ ಪಾಲಿಸಿ ಮಾಡಿಸಿ ಹೋಗಲಿ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ. ಕಂಪನಿಯ ಕಾರ್ಡ್ ಕಂಪನಿಯದು.

ಮೊನ್ನೆ ಅಣ್ಣ ಒಂದು ಫೋಟೋ ಕಳಿಸಿದ್ದ. ತಾನೇ ಬಿದ್ದ ಆ ಕಲ್ಲಿನ ಪಕ್ಕ ನಮ್ಮ ಹೊಲದ ಒಂದು ಕಡಲೆ ಕಾಳು ಇಟ್ಟಿದ್ದ. ಕಡಲೆಯೇ ದೊಡ್ಡದಿತ್ತು.