ದ್ರವ್ಯವೇದ, ಭಾವವೇದ ಮತ್ತು ಚಿತ್ರಕಲೆಯ ತರಗತಿ

ಹೇಮಗುಡ್ಡದ ಹಳೆಯ ಕೋಟೆಯ ಕೆಳಗೆ ಬೆಳೆಯುವ ಮಕ್ಕಳಿಗೆ ಗಂಡಸಿನ ಚಿತ್ರ ಬರೆಯಿರೆಂದು ಹೇಳಿದರೆ ಕಾಗದದ ಮೇಲೆ ಕುಮಾರರಾಮನೇ ಮೂಡುವುದು ಸಹಜ: ಕುದುರೆ, ಖಡ್ಗ, ಹುರಿಮೀಸೆ. ಚಿತ್ರಕಲಾ ಶಿಕ್ಷಕರು ಅದರ ಪಕ್ಕದಲ್ಲಿ ಶ್ರವಣಬೆಳಗೊಳದ ಬಾಹುಬಲಿಯ ಪಟವನ್ನಿಟ್ಟು, ಮೀಸೆಯೆಲ್ಲಿ, ಖಡ್ಗವೆಲ್ಲಿ ಎಂದು ಕೇಳಬಹುದು. 58 ಅಡಿಯ ಆ ಮೂರ್ತಿಯಲ್ಲಿರುವುದು ಗುಂಗುರುಗೂದಲು, ತೆಳುನಗೆ, ತೋಳಿಗೆ ಹಬ್ಬಿದ ಬಳ್ಳಿ. ಚಕ್ರವರ್ತಿಯನ್ನು ಗೆದ್ದವನ ರೂಪವೇ ಹೀಗಿದೆ.

ನಡಿಗೆ ಮೃದುವಾದ ಹುಡುಗನಿಗೆ ಶಾಲೆಯಲ್ಲಿ ಒಂದು ಅಡ್ಡಹೆಸರು ಬೇಗನೆ ಅಂಟುತ್ತದೆ. ಅದರೊಡನೆ ಸಲಿಂಗಪ್ರೇಮಿಗಳೆಂದರೆ ಹೀಗೆಯೇ ಎಂಬ ಅಚ್ಚೂ ಸಿದ್ಧವಾಗುತ್ತದೆ. ಕೊಪ್ಪಳ ಸೀಮೆಯವರು ಹುಲಿಗೆಮ್ಮನ ಜೋಗಪ್ಪಗಳನ್ನು ಬಲ್ಲವರು. ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಪಡೆದುದನ್ನೂ ಕಂಡವರು. ಆದರೆ ಜೋಗತಿಯರ ಬಾಳು ಬೇರೆ, ಸಲಿಂಗಪ್ರೇಮ ಬೇರೆ. ಎರಡನ್ನೂ ಒಂದೇ ಬೈಗುಳದಲ್ಲಿ ಕಟ್ಟಿಹಾಕುವುದು ನೋಡದೆ ಹೆಸರಿಡುವವರ ಅಭ್ಯಾಸ.

ತರಗತಿಯಲ್ಲಿ ತೋರಿಸತಕ್ಕ ಇನ್ನೊಬ್ಬರು ಭೂಪೇನ್ ಖಖ್ಖರ್. ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್ (ಲೆಕ್ಕದ ಪುಸ್ತಕ ಹಿಡಿದವರಿಗೆ ಈ ಸಂಗತಿ ಹಿತವೆನಿಸದೆ ಇರದು). ಮುಂಬಯಿಯಲ್ಲಿ ಹುಟ್ಟಿ ಬರೋಡದಲ್ಲಿ ನೆಲೆಸಿದ ಅವರು ಬಣ್ಣದಲ್ಲಿ ತಂದದ್ದು ಗಡಿಯಾರ ರಿಪೇರಿಯವನನ್ನು, ಕ್ಷೌರಿಕನನ್ನು, ದರ್ಜಿಯನ್ನು. ತಾವು ಸಲಿಂಗಪ್ರೇಮಿಯೆಂಬುದನ್ನು 1981ರ ಒಂದು ಚಿತ್ರದಲ್ಲಿ ಬಹಿರಂಗಪಡಿಸಿದರು. ಅದರಲ್ಲಿರುವುದು ತಂದೆ, ಮಗ ಮತ್ತು ಕತ್ತೆಯ ಹಳೆಯ ಕಥೆ. ಎಲ್ಲರನ್ನೂ ಮೆಚ್ಚಿಸಲಾಗದೆಂಬ ಅರ್ಥದ ಹೆಸರು ಅದಕ್ಕೆ. ಮೊದಲು ಗಡಿಯಾರದ ಅಂಗಡಿಯನ್ನು ನೋಡಿ, ಆಮೇಲೆ ಬರೆದವರ ಬಾಳನ್ನು ಕೇಳಿದ ವಿದ್ಯಾರ್ಥಿಗೆ ತನ್ನ ಮನಸ್ಸಿನ ಅಚ್ಚು ಎಲ್ಲಿಯೂ ಹೊಂದದು.

ಇಂಥ ಪಾಠ ಧರ್ಮಕ್ಕೆ ವಿರುದ್ಧವೆಂಬ ಆಕ್ಷೇಪ ಏಳಬಹುದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ದ್ರವ್ಯವೇದ, ಭಾವವೇದಗಳು ಪ್ರಾಯಶಃ ಸಮ, ಕೆಲವೆಡೆ ವಿಷಮ ಎನ್ನುತ್ತದೆ. ಪುರುಷನನ್ನು ಬಯಸುವ ಭಾವಕ್ಕೆ ಸ್ತ್ರೀವೇದವೆಂದು ಹೆಸರು. ಅದು ಪುರುಷದೇಹದಲ್ಲಿಯೂ ಉದಯಿಸಬಲ್ಲುದು. ದ್ರವ್ಯದಿಂದ ಪುರುಷನಾಗಿ ಭಾವದಿಂದ ಸ್ತ್ರೀವೇದಿಯಾದ ಜೀವನೂ ಶ್ರೇಣಿಯೇರಿ ಮುಕ್ತನಾಗಬಲ್ಲನೆಂದು ದಿಗಂಬರಾಚಾರ್ಯರು ಒಪ್ಪಿದ್ದಾರೆ. ಗ್ರಂಥವು ಯಾರನ್ನೂ ಹೊಗಳುವುದಿಲ್ಲ, ನಿಜ. ನಪುಂಸಕವೇದವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸುತ್ತದೆ. ಆದರೆ ಮೂರು ವೇದಗಳೂ ನೋಕಷಾಯಗಳೇ. ಮಡದಿಯನ್ನು ಬಯಸುವ ಗೃಹಸ್ಥನ ವೇದವೂ ಆ ಪಟ್ಟಿಯಲ್ಲಿಯೇ ಇದೆ. ತನ್ನದನ್ನು ಮರೆತು ನೆರೆಯವನದನ್ನು ಮಾತ್ರ ಎಣಿಸುವ ಲೆಕ್ಕಕ್ಕೆ ಯಾವ ಆಡಿಟರೂ ಸಹಿ ಹಾಕಲಾರನು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೂ ಮದುವೆಯಾದರೆ ಸರಿಹೋದೀತೆಂದು ಮಗನಿಗೆ ಹೆಣ್ಣು ತರುವ, ಮಗಳನ್ನು ಅವಸರದಿಂದ ಕೊಡುವ ಮನೆಗಳುಂಟು; ಆಮೇಲೆ ಅಳುವುದು ಎರಡು ಮನೆ. ಮಹಾವೀರ ಜಯಂತಿಗೆ ಚಿತ್ರಸ್ಪರ್ಧೆ ನಡೆಸುವ ಬಸದಿ ಟ್ರಸ್ಟುಗಳು ಈ ಬಾರಿ ಒಂದು ವಿಷಯವನ್ನು ಸೇರಿಸಬಹುದು: ಊರಿನಲ್ಲಿ ಅಡ್ಡಹೆಸರಿನಿಂದಲೇ ಕರೆಯಲ್ಪಡುವ ಒಬ್ಬರ ಮುಖ, ಎದುರು ಕುಳಿತು, ಅರ್ಧ ತಾಸು ನೋಡಿ ಬರೆದದ್ದು.