ಕಿಟಕಿ ಸರಿಸುವವರು

ಮನೆಗೆ ಬಂದ ನೆಂಟರು ತಾವು ಕುಳಿತ ಕುರ್ಚಿಯನ್ನು ಫ್ಯಾನಿನ ಕೆಳಕ್ಕೆ ಎಳೆದುಕೊಂಡರೆ ನಮಗೇನೂ ಅನ್ನಿಸುವುದಿಲ್ಲ. ಅವರೇ ಅಡಿಗೆಮನೆಗೆ ನಡೆದು ಒಗ್ಗರಣೆ ಡಬ್ಬಿಯನ್ನು ಬೇರೆ ಗೂಡಿನಲ್ಲಿಟ್ಟರೆ? ಬಾಯಿಂದ ಏನೂ ಅನ್ನದಿದ್ದರೂ ಮುಖ ಗಂಟಾಗುತ್ತದೆ. ಕಂಪ್ಯೂಟರಿನ ಬ್ರೌಸರ್ ಕಿಟಕಿಗೂ ಇಂಥದೇ ಕತೆಯಿದೆ ಎಂದರೆ ನೀವು ನಗಬಹುದು.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬುವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ವೆಬ್ ಪುಟದೊಳಗೇ ಬರೆದಿಡುವ ಆಜ್ಞೆಗಳ ಭಾಷೆ ಅದು. ಕೆಲವೇ ವರ್ಷಗಳಲ್ಲಿ ಅದಕ್ಕೆ ಕಿಟಕಿಯನ್ನೇ ಸರಿಸುವ ಶಕ್ತಿಯೂ ಬಂತು. ‘ಮೂವ್‌ಟು’ ಎಂದು ಬರೆದು ಎರಡು ಅಂಕಿ ಕೊಟ್ಟರಾಯಿತು: ಪರದೆಯ ಎಡ ಅಂಚಿನಿಂದ ಎಷ್ಟು ದೂರ, ಮೇಲಿನ ಅಂಚಿನಿಂದ ಎಷ್ಟು ಕೆಳಗೆ. ಎರಡೂ ಸೊನ್ನೆಯಾದರೆ ಕಿಟಕಿ ಮೇಲಿನ ಎಡಮೂಲೆಗೆ ಹೋಗಿ ಕೂರುತ್ತದೆ. ‘ಮೂವ್‌ಬೈ’ ಎಂದರೆ ಇದ್ದಲ್ಲಿಂದ ಇಷ್ಟು ಸರಿ ಎಂದರ್ಥ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಗುರುತಿಸಲು ಕಲಿತ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ.

ಓದುವ ಪುಟದ ಪಕ್ಕದಲ್ಲೇ ಅರ್ಥ ಹೇಳುವ ಪುಟ್ಟ ಕಿಟಕಿಯೊಂದನ್ನು ತಂದು ನಿಲ್ಲಿಸಲು ಇದರಿಂದ ಅನುಕೂಲವೇ ಆಯಿತು. ಆದರೆ ಕೊಟ್ಟ ಸಲಿಗೆ ಹೆಚ್ಚಾಯಿತು. ಕರೆಯದ ಜಾಹೀರಾತುಗಳು ತಾವೇ ಕಿಟಕಿ ತೆರೆದುಕೊಂಡು ಬಂದವು. ಮುಚ್ಚಲು ಹೋದರೆ ಕೆಲವು ಬೇರೆ ಮೂಲೆಗೆ ನೆಗೆದವು. ಕೆಲವು ಮೈಮೇಲೆ ಬಂದವರಂತೆ ನಡುಗಿದವು.

ಕೊನೆಗೆ ಬ್ರೌಸರ್ ಮಾಡುವವರು ಕಡಿವಾಣ ಹಾಕಿದರು. 2011ರಲ್ಲಿ ಬಂದ ಫೈರ್‌ಫಾಕ್ಸ್‌ನ 7ನೆಯ ಆವೃತ್ತಿಯ ನಿಯಮ ನನಗೆ ಬಹಳ ಹಿಡಿಸಿತು. ಸ್ಕ್ರಿಪ್ಟ್ ತೆರೆದ ಕಿಟಕಿಯನ್ನು ಸ್ಕ್ರಿಪ್ಟ್ ಸರಿಸಬಹುದು. ನೀವು ತೆರೆದುಕೊಂಡ ಕಿಟಕಿಯನ್ನು ಮುಟ್ಟುವಂತಿಲ್ಲ. ಕಿಟಕಿಯಲ್ಲಿ ಒಂದಕ್ಕಿಂತ ಹೆಚ್ಚು ಟ್ಯಾಬ್ ಇದ್ದರಂತೂ ಸರಿಸುವ ಮಾತೇ ಇಲ್ಲ. ಒಬ್ಬರಿಗಾಗಿ ಎಲ್ಲರನ್ನೂ ಎಳೆದಾಡುವುದು ಯಾವ ನ್ಯಾಯ?

ಹಿಡಿಸಲು ಕಾರಣವಿದೆ. ಮದುವೆಯಾದ ಮೇಲೆ ನಾನು ಬಿ.ಎಡ್. ಓದಿದವಳು. ಬೆಳಿಗ್ಗೆ ಬೆಳಕಿಗೆಂದು ಕಿಟಕಿಯ ಬಳಿ ಇಟ್ಟ ನನ್ನ ಮೇಜು ಸಂಜೆ ಮನೆಗೆ ಬರುವಷ್ಟರಲ್ಲಿ ಉಗ್ರಾಣದ ಕತ್ತಲಲ್ಲಿರುತ್ತಿತ್ತು. ಯಾರೂ ಬೈಯಲಿಲ್ಲ, ಓದಬೇಡ ಎನ್ನಲಿಲ್ಲ. ಮೇಜು ಮಾತ್ರ ಸರಿಯುತ್ತಿತ್ತು. ನಾನು ಮರಳಿ ಎಳೆದು ತರುತ್ತಿದ್ದೆ. ಎಳೆದೆಳೆದೇ ಪಾಸಾದೆ. ಆ ಮನೆಯಲ್ಲಿ ನನ್ನದೆನ್ನುವ ಜಾಗ ಎಷ್ಟು ಎಂಬುದು ಆ ನಾಲ್ಕು ಕಾಲುಗಳಿಂದಲೇ ನನಗೆ ತಿಳಿಯುತ್ತಿತ್ತು.

ಬರುವ ವೈಶಾಖದಲ್ಲಿ ಮಗನ ಮದುವೆ. ಸೊಸೆಯಾಗುವ ಹುಡುಗಿ ಇನ್ನೂ ಓದುತ್ತಿದ್ದಾಳೆ. ಅವಳ ಮೇಜು ಎಲ್ಲಿಡಿಸಲಿ ಎಂದು ಮಗ ಕೇಳಿದ. ‘ಅವಳೇ ಬಂದು ಇಟ್ಟುಕೊಳ್ಳಲಪ್ಪ’ ಎಂದೆ. ಗುಡಿಸುವಾಗ ನಾನು ಅದರ ಸುತ್ತ ಗುಡಿಸಿದರಾಯಿತು.