ಹಾಜರಿ ಪುಸ್ತಕದ ಹೆಸರುಗಳು

ವಿಶ್ವವಿದ್ಯಾಲಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಸಂಸ್ಕೃತಿಗಳನ್ನು ಅರಿತಿರಬೇಕು ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತೇವೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದಿದೆ. ಐಜಾಲಿನ ಹುಡುಗನೂ ಕಲಬುರಗಿಯ ಹುಡುಗಿಯೂ ದೆಹಲಿಯ ಒಂದೇ ತರಗತಿಯಲ್ಲಿ ಕೂರುವುದು ಅಪರೂಪವಲ್ಲ. ಆದರೆ ಈ ಅರಿವು ಎಲ್ಲಿಂದ ಆರಂಭವಾಗಬೇಕು? ಹಾಜರಿ ಪುಸ್ತಕದಿಂದ ಎನ್ನುವುದು ನನ್ನ ಅನಿಸಿಕೆ.

ಮಿಜೋ ಹೆಸರುಗಳಲ್ಲಿ ‘ಆ’ ಎಂದು ಮುಗಿಯುವುದು ಗಂಡಸಿನದು, ‘ಇ’ ಎಂದು ಮುಗಿಯುವುದು ಹೆಂಗಸಿನದು. ಸೀತಾ, ಗೀತಾ ಕೇಳಿ ಬೆಳೆದ ಕಿವಿ ಇದನ್ನು ತಿರುವುಮುರುವಾಗಿ ಗ್ರಹಿಸುತ್ತದೆ. ಹೆಸರು ಕರೆದ ಅಧ್ಯಾಪಕರು ಹುಡುಗಿಯರತ್ತ ನೋಡುತ್ತಿರುವಾಗ ಹುಡುಗನೊಬ್ಬ ಎದ್ದು ನಿಲ್ಲುತ್ತಾನೆ, ತರಗತಿ ನಗುತ್ತದೆ. ಮಣಿಪುರದ ಮೈತೇಯಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಬಾಕ್ಸರ್ ಲೈಶ್ರಾಮ್ ಸರಿತಾ ದೇವಿಯವರ ‘ಲೈಶ್ರಾಮ್’ ಅಂಥದು. ಖಾಸಿಗಳಲ್ಲಿ ಮಕ್ಕಳು ತಾಯಿಯ ಕುಲದವರು. ತಂದೆಯ ಮನೆತನದ ಹೆಸರಿಗೂ ಮಗನದಕ್ಕೂ ತಾಳೆಯಾಗದಿದ್ದರೆ ಅದು ದಾಖಲೆಯ ದೋಷವಲ್ಲ, ಒಂದು ಸಮಾಜದ ವ್ಯವಸ್ಥೆ.

ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಯೇ ಇಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ತಾನು, ಕೊನೆಗೆ ಮನೆತನ. ನಮ್ಮ ಒಂದೇ ಭಾಷೆಯೊಳಗೇ ಎರಡು ಕ್ರಮಗಳಿವೆ. ದೆಹಲಿಯ ಅರ್ಜಿ ನಮೂನೆಗೆ ಬೇಂದ್ರೆ ಒಗ್ಗುತ್ತಾರೆ, ಪುಟ್ಟಪ್ಪ ಒಗ್ಗುವುದಿಲ್ಲ. ನಾನು ಇಲ್ಲಿ ನೌಕರಿಗೆ ಸೇರಿದಾಗ ಕಚೇರಿಯೊಂದರಲ್ಲಿ ನನ್ನ ಇನಿಷಿಯಲ್ ಬಿಡಿಸಿ ಬರೆದರು. ಎರಡು ವರ್ಷ ಎಲ್ಲರೂ ನನ್ನನ್ನು ನನ್ನ ಊರಿನ ಹೆಸರಿನಿಂದಲೇ ಕರೆದರು. ಸಂಬಳ ಸರಿಯಾಗಿ ಬರುತ್ತಿದ್ದುದರಿಂದ ನಾನು ನಕ್ಕು ಸುಮ್ಮನಾಗಬಹುದಿತ್ತು. ಮನೆಯಿಂದ ಎರಡು ಸಾವಿರ ಕಿಲೋಮೀಟರ್ ದೂರ ಬಂದ ಹದಿನೆಂಟರ ಹುಡುಗನಿಗೆ ಆ ಸೌಕರ್ಯವಿಲ್ಲ. ತರಗತಿ ನಕ್ಕ ಮೇಲೆ ಆತ ಹಿಂದಿನ ಬೆಂಚಿಗೆ ಹೋಗುತ್ತಾನೆ, ಮಾತು ಕಡಿಮೆ ಮಾಡುತ್ತಾನೆ.

ಆ ಮೌನವನ್ನು ಅಧ್ಯಾಪಕರು ಹೇಗೆ ಓದುತ್ತಾರೆ ಎಂಬುದು ಹೆಸರಿಗಿಂತ ದೊಡ್ಡ ಪ್ರಶ್ನೆ. ಇ. ಎಂ. ಫಾರ್‌ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ (1924) ಕಾದಂಬರಿಯನ್ನು ಎಂ.ಎ. ತರಗತಿಯಲ್ಲಿ ಓದಿದಾಗಿನಿಂದ ಒಂದು ಕಾಲರ್ ಗುಂಡಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾಲೇಜಿನ ಪ್ರಾಂಶುಪಾಲ ಫೀಲ್ಡಿಂಗನ ಗುಂಡಿ ಹಾಳಾದಾಗ ಡಾಕ್ಟರ್ ಅಜೀಜ್ ತನ್ನ ಕಾಲರಿನದನ್ನೇ ಬಿಚ್ಚಿ ಕೊಡುತ್ತಾನೆ. ಆಮೇಲೆ ಅಜೀಜನ ಕಾಲರ್ ಮೇಲೆದ್ದುದನ್ನು ಕಂಡ ಆಂಗ್ಲ ಅಧಿಕಾರಿ ರಾನಿ, ಭಾರತೀಯರೆಲ್ಲರ ಅಶಿಸ್ತಿಗೆ ಅದೇ ಸಾಕ್ಷಿ ಎಂದುಕೊಳ್ಳುತ್ತಾನೆ. ಔದಾರ್ಯವು ನೋಡುವವನ ಕಣ್ಣಲ್ಲಿ ಇಡೀ ಜನಾಂಗದ ದೋಷವಾಗುತ್ತದೆ. ಹಿರಿಯರ ಎದುರು ತಲೆ ತಗ್ಗಿಸಿ ಸುಮ್ಮನಿರುವುದೇ ಮರ್ಯಾದೆ ಎಂದು ಕಲಿತು ಬಂದವರನ್ನು ‘ಮಂದ’ ಎಂದೋ ‘ಆಸಕ್ತಿಯಿಲ್ಲ’ ಎಂದೋ ಗುರುತಿಸುವಾಗ ನಡೆಯುವುದೂ ಇದೇ. ವ್ಯತ್ಯಾಸವೆಂದರೆ ಅಧ್ಯಾಪಕರ ಕೈಯಲ್ಲಿ ಆಂತರಿಕ ಅಂಕಗಳಿವೆ.

ಅದೇ ಕಾದಂಬರಿಯಲ್ಲಿ ಕಲೆಕ್ಟರನು ಎರಡು ಸಮುದಾಯಗಳನ್ನು ಬೆಸೆಯಲೆಂದು ‘ಬ್ರಿಜ್ ಪಾರ್ಟಿ’ ಏರ್ಪಡಿಸುತ್ತಾನೆ. ಆಹ್ವಾನಿತ ಭಾರತೀಯರು ಹುಲ್ಲುಹಾಸಿನ ಆಚೆ ಬದಿಯಲ್ಲಿಯೇ ಗುಂಪಾಗಿ ನಿಲ್ಲುತ್ತಾರೆ. ನಮ್ಮ ವಿದ್ಯಾಸಂಸ್ಥೆಗಳ ಸಾಂಸ್ಕೃತಿಕ ದಿನಾಚರಣೆಗಳು ಹಲವು ಸಲ ಹೀಗೆಯೇ ಮುಗಿಯುತ್ತವೆ. ಬಿದಿರು ನೃತ್ಯಕ್ಕೆ ಚಪ್ಪಾಳೆ ಸಿಗುತ್ತದೆ, ಮರುದಿನ ಹೆಸರು ಮತ್ತೆ ತಪ್ಪುತ್ತದೆ. ಅಧ್ಯಾಪಕರ ತರಬೇತಿಗೆ ವ್ಯವಸ್ಥೆಯೇ ಇಲ್ಲವೆಂದಲ್ಲ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2023ರ ಮಾಳವೀಯ ಮಿಷನ್ ತರಬೇತಿಯ ಎಂಟು ವಿಷಯಗಳಲ್ಲಿ ವಿದ್ಯಾರ್ಥಿ ವೈವಿಧ್ಯವೂ ಒಂದು. ಆ ಪಾಠ ಪ್ರಮಾಣಪತ್ರದಲ್ಲಿ ನಿಲ್ಲದೆ ತರಗತಿಯೊಳಗೆ ಬರಬೇಕು.

ಏಕೆ ಬರಬೇಕೆಂದು ದೆಹಲಿಗೆ ಗೊತ್ತಿದೆ. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಲಾಜಪತ ನಗರದಲ್ಲಿ ತನ್ನ ರೂಪವನ್ನು ಹಂಗಿಸಿದವರೊಡನೆ ನಡೆದ ಜಗಳದಲ್ಲಿ ಹಲ್ಲೆಗೊಳಗಾಗಿ ಸತ್ತ. ನಂತರ ಬೇಜ್‌ಬರುವಾ ಸಮಿತಿ ನೇಮಕವಾಯಿತು. ಅದು ನಡೆದದ್ದು ಬೀದಿಯಲ್ಲಿ, ನಿಜ. ಆದರೆ ಹಂಗಿಸುವ ನಗೆ ಬೀದಿಯಲ್ಲಿಯೇ ಹುಟ್ಟಬೇಕೆಂದೇನಿಲ್ಲ. ತರಗತಿಯಲ್ಲಿ ಅದನ್ನು ತಡೆಯಬಲ್ಲವರು ಅಧ್ಯಾಪಕರು.

ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕನ್ನಡತಿಯೊಬ್ಬರು ನನಗೆ ಪರಿಚಿತರು. ಮೊದಲ ದಿನ ಅರ್ಧ ಹಾಳೆ ಕೊಟ್ಟು ಮೂರು ಪ್ರಶ್ನೆ ಕೇಳುತ್ತಾರೆ: ನಿಮ್ಮನ್ನು ಏನೆಂದು ಕರೆಯಲಿ? ಮನೆಯಲ್ಲಿ ಯಾವ ಭಾಷೆ? ಹಿಂದಿ ಎಷ್ಟು ತಿಳಿಯುತ್ತದೆ? ಮೂರನೆಯದಕ್ಕೆ ‘ಸ್ವಲ್ಪ’ ಎಂದು ಬರೆದವರೇ ಹೆಚ್ಚಾಗಿದ್ದರಂತೆ ಒಂದು ವರ್ಷ. ಪಾಠದ ಕಠಿಣ ಭಾಗ ಬಂದಾಗ, ಸುಲಭವಾಗಲೆಂದು ಹಿಂದಿಗೆ ಹೊರಳುವುದು ಇಲ್ಲಿನ ಅನೇಕ ಅಧ್ಯಾಪಕರ ರೂಢಿ. ಕೆಲವರಿಗೆ ಪಾಠದ ಎಳೆ ಕಡಿಯುವುದೂ ಸರಿಯಾಗಿ ಅಲ್ಲಿಯೇ. ಆಕೆ ಆ ಭಾಗಗಳನ್ನು ಇಂಗ್ಲಿಷಿನಲ್ಲಿ ಎರಡನೆಯ ಸಲ ಹೇಳತೊಡಗಿದರು. ಪಠ್ಯಕ್ರಮ ಒಂದು ಅಧ್ಯಾಯದಷ್ಟು ಹಿಂದೆ ಬಿದ್ದಿತು. ಅದನ್ನು ಡಿಸೆಂಬರಿನ ಎರಡು ಶನಿವಾರಗಳಲ್ಲಿ ಮುಗಿಸಿದೆವು, ಯಾರೂ ತಪ್ಪಿಸಿಕೊಳ್ಳಲಿಲ್ಲ ಎಂದರು.